ಮದುವೆ ಹೂವಿಗೆ ಮಾರ್ಕೆಟ್ಟಿಗೇ ಹೋಗಿ

ಬೆಳಗಿನ ಜಾವ ನಾಲ್ಕಕ್ಕೆ ಬೆಂಗಳೂರಿನ ಸಿಟಿ ಮಾರ್ಕೆಟ್ಟಿನಲ್ಲಿ ಹೂವಿನ ಅಂಗಡಿ ಎಲ್ಲಿ ಎಂದು ಯಾರನ್ನೂ ಕೇಳಬೇಕಿಲ್ಲ. ಮೇಲ್ಸೇತುವೆಯ ಕೆಳಗೆ ತಲೆಯ ಮೇಲೆ ಮೂಟೆ ಹೊತ್ತು ಓಡುವವರ ಬೆನ್ನು ಹತ್ತಿದರೆ ಸಾಕು. ‘ಸೈಡು, ಸೈಡು’ ಎಂಬ ಕೂಗು ಹಿಂದಿನಿಂದ ಕೇಳಿದೊಡನೆ ಗೋಡೆಗೆ ಒರಗಿ ನಿಲ್ಲಬೇಕು, ಅಷ್ಟೇ. ಕಾಲಿಗೆ ಹಳೇ ಚಪ್ಪಲಿ ಇರಲಿ. ಎಸಳು, ಎಲೆ, ನೀರು ಕಲೆತ ಇಲ್ಲಿನ ಕೆಸರು ಬೇಸಿಗೆಯಲ್ಲೂ ಆರುವುದಿಲ್ಲ.

ನಾನು ಬಂದದ್ದು ಅಕ್ಕನ ಜೊತೆ, ಅವಳ ಮಗಳ ಮದುವೆಗೆ. ಮಾಘದ ಲಗ್ನ. ಅಲಂಕಾರದವರು ಕೊಟ್ಟ ಪಟ್ಟಿಯಲ್ಲಿ ಹೂವಿಗೆ ಒಂದೇ ಸಾಲು, ಒಂದೇ ದೊಡ್ಡ ಮೊತ್ತ. ಯಾವ ಹೂವು, ಎಷ್ಟು ಕೆಜಿ, ಕೂಲಿ ಎಷ್ಟು ಎಂದು ಕೇಳಿದರೆ ‘ಎಲ್ಲಾ ಸೇರಿ ಮೇಡಂ’ ಎಂಬ ಉತ್ತರ. ಆ ಎಲ್ಲವನ್ನೂ ಬಿಡಿಸಿ ನೋಡೋಣ ಅಂತ ಅಕ್ಕ ಹಟ ಹಿಡಿದಳು.

ಈಗ ಮಾರುಕಟ್ಟೆ ಇರುವ ಜಾಗದಲ್ಲಿ ಹಿಂದೆ ಸಿದ್ದಿಕಟ್ಟೆ ಎಂಬ ಕೆರೆ ಇತ್ತು. ಮುಂದೆ ಇಲ್ಲಿ ಕಟ್ಟಡ ಎದ್ದಾಗ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು. 1905ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುತ್ತಿನಲ್ಲಿ ಬೆಂಗಳೂರಿನ ಮೊದಲ ಬೀದಿದೀಪಗಳು ಬೆಳಗಿದ್ದೂ ಈ ಸುತ್ತಿನಲ್ಲೇ. ಇವತ್ತಿನ ದೀಪಗಳ ವಿಷಯದಲ್ಲಿ ಮಾತ್ರ ಒಂದು ಮಾತು: ನಂಬಬೇಡಿ. ಅಂಗಡಿಯ ಬಲ್ಬಿನ ಕೆಳಗೆ ಬಾಡಿದ ಸೇವಂತಿಗೆಯೂ ಚಿನ್ನದ ಹಾಗೆ ಹೊಳೆಯುತ್ತದೆ. ಒಂದು ಹಿಡಿ ತೆಗೆದುಕೊಂಡು ಬಯಲಿಗೆ ಬನ್ನಿ, ತೊಟ್ಟಿನ ಕಡೆ ತಿರುಗಿಸಿ ನೋಡಿ. ಹಿಂಬದಿಯ ಹಸಿರು ಕಂದಿದ್ದರೆ ಅದು ನಿನ್ನೆಯ ಮಾಲು. ತಲೆಕೆಳಗಾಗಿ ಹಿಡಿದು ಮೆಲ್ಲಗೆ ಒದರಿದಾಗ ಎಸಳು ಉದುರಿದರೆ ಮೊನ್ನೆಯದು.

ಮೊದಲು ಸಿಗುವುದು ಬಿಡಿ ಹೂವಿನ ಅಂಗಳ. ಮೇಲಿನ ಮಹಡಿಯ ಕಟಕಟೆಯಿಂದ ಬಗ್ಗಿ ಫೋಟೋ ತೆಗೆಯುವವರು ತೆಗೆಯುವುದು ಇದನ್ನೇ: ಹಳದಿ, ಕೇಸರಿ, ಬಿಳಿಯ ರಾಶಿಗಳು, ನಡುವೆ ತಕ್ಕಡಿ ಹಿಡಿದು ಕೂತವರು. ಕೋಲಾರ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ, ಹೊಸೂರು ಕಡೆಯ ರೈತರ ಬೆಳೆ ರಾತ್ರಿಯೇ ಇಲ್ಲಿ ಇಳಿದಿರುತ್ತದೆ. ಮಂಟಪಕ್ಕೆ, ಬಾಗಿಲಿನ ತೋರಣಕ್ಕೆ, ಛತ್ರದ ಕಂಬಗಳಿಗೆ ಚೆಂಡುಹೂವೇ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ದೂರದಿಂದ ನೋಡುವವರಿಗೆ ಕಾಣುವುದು ಬಣ್ಣ, ಜಾತಿಯಲ್ಲ. ಬೆಲೆ ಬಿದ್ದ ದಿನಗಳಲ್ಲಿ ಇದೇ ಚೆಂಡುಹೂವನ್ನು ರೈತರು ರಸ್ತೆ ಬದಿಗೆ ಸುರಿದು ಹೋಗುವುದೂ ಉಂಟು. ಅಂಥ ಹೂವನ್ನು ಬಿಟ್ಟು ಆರ್ಕಿಡ್ ಬೇಕೆನ್ನುವುದು ಆಲ್ಬಂ ನೋಡಿ ಹುಟ್ಟಿದ ಆಸೆ. ಕೊಳ್ಳುವಾಗ ನೀರು ಚಿಮುಕಿಸಿದ ರಾಶಿಯ ಬಗ್ಗೆ ಮಾತ್ರ ಎಚ್ಚರ ಇರಲಿ. ತೂಕದಲ್ಲಿ ನೀರಿಗೂ ದುಡ್ಡು ಕೊಟ್ಟು, ಮನೆಗೆ ಬಂದ ಮೇಲೆ ಕೊಳೆಯುವುದನ್ನೂ ನೋಡಬೇಕಾಗುತ್ತದೆ.

ಅಂಗಳ ದಾಟಿದರೆ ಕಟ್ಟಿದ ಹೂವಿನ ಹೆಂಗಸರ ಸಾಲು. ಇಲ್ಲಿ ನಿಂತವರಿಗೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ. ಎಡಗೈಯಲ್ಲಿ ಎರಡೆರಡು ಮೊಗ್ಗು ಎದುರುಬದುರಾಗಿ ಕೂರಿಸುತ್ತಾರೆ, ಬಲಗೈ ದಾರವನ್ನು ಸುತ್ತಿ ಕುಣಿಕೆ ಹಾಕಿ ಎಳೆದಾಗಿರುತ್ತದೆ, ಅಷ್ಟರಲ್ಲಿ ಮುಂದಿನ ಜೋಡಿ ಬೆರಳ ತುದಿಗೆ ಬಂದಿರುತ್ತದೆ. ಕಣ್ಣು ಕೈಯ ಮೇಲಿಲ್ಲ, ಗಿರಾಕಿಯ ಮೇಲೆ.

‘ಅಕ್ಕಾ, ಮಾರು ಎಷ್ಟು?’

‘ಮದುವೆಗಾ? ಯಾವತ್ತು?’

‘ನಾಡಿದ್ದು ಬೆಳಿಗ್ಗೆ ಮುಹೂರ್ತ.’

‘ಹಂಗಾದ್ರೆ ಇವತ್ತು ಯಾಕಮ್ಮ ತಗೊಂಡೋಗ್ತೀರಾ, ಕಂದೋಗುತ್ತೆ. ಇವತ್ತು ಅಡ್ವಾನ್ಸ್ ಕೊಡಿ, ನಾಳೆ ಸಾಯಂಕಾಲ ಬನ್ನಿ, ಮೊಗ್ಗಿರೋದೇ ಕಟ್ಟಿಕೊಡ್ತೀನಿ. ಮಲ್ಲಿಗೆ ಯಾಕೆ, ಕಾಕಡ ತಗೊಳ್ಳಿ.’

ಅವರು ಹೇಳಿದ್ದರಲ್ಲಿ ಲೆಕ್ಕ ಇದೆ. ಮಲ್ಲಿಗೆ ಬಿಸಿಲಿನ ಹೂವು. ಚೈತ್ರದ ಹುಣ್ಣಿಮೆಗೆ ಇಲ್ಲಿಂದ ಕೂಗಳತೆಯ ಧರ್ಮರಾಯನ ಗುಡಿಯಿಂದ ಕರಗ ಹೊರಡುವಾಗ ಊರೆಲ್ಲಾ ಮಲ್ಲಿಗೆ ಎರಚುವಷ್ಟು ಬಂದಿರುತ್ತದೆ. ಚಳಿಗಾಲದಲ್ಲಿ ಗಿಡ ಕೈಕೊಡುತ್ತದೆ, ಕೆಜಿಗೆ ಸಾವಿರ ದಾಟಿದರೂ ಆಶ್ಚರ್ಯವಿಲ್ಲ. ಕಾಕಡ ಬಿಡುವುದು ಆ ಹೊತ್ತಿನಲ್ಲೇ. ಪರಿಮಳ ಕಡಿಮೆ ನಿಜ, ಆದರೆ ಅರಿಶಿನ ಕುಂಕುಮದ ಜೊತೆ ಮುತ್ತೈದೆಯರ ಕೈಗೆ ಕೊಡುವುದಕ್ಕೆ ಏನೂ ಕೊರತೆಯಾಗದು. ಅಕ್ಕ ಅಲ್ಲೇ ಕೂತು ಲೆಕ್ಕ ಹಾಕಿದಳು. ಹೆಂಗಸರು 150 ಜನ, ಇಬ್ಬರಿಗೆ ಒಂದು ಮೊಳ, ಒಟ್ಟು 75 ಮೊಳ. ನಾಲ್ಕು ಮೊಳಕ್ಕೆ ಒಂದು ಮಾರು, ಅಂದರೆ 19ರ ಹತ್ತಿರ, ಇರಲಿ 20. ಮೊಳ ಅಳೆಯುವುದು ಮಾರುವವರ ಮೊಳಕೈಯಿಂದ ಎಂಬುದು ಮರೆಯಬಾರದು. ಚೌಕಾಸಿ ಮಾಡಿದಷ್ಟೂ ಆ ಕೈ ಗಿಡ್ಡವಾಗುತ್ತದೆ! ಅದಕ್ಕೇ ದರ ಇಳಿಸುವುದಕ್ಕಿಂತ ‘ಒತ್ತಾಗಿ ಕಟ್ಟಿಕೊಡಿ’ ಅನ್ನುವುದು ಲಾಭ.

ಕನಕಾಂಬರಕ್ಕೆ ವಾಸನೆಯಿಲ್ಲ, ಬಾಳಿಕೆ ಇದೆ. ವರಮಹಾಲಕ್ಷ್ಮಿ ಹಬ್ಬದ ವಾರ ಅದರ ಹತ್ತಿರ ಸುಳಿಯುವ ಹಾಗಿಲ್ಲ. ಶ್ರಾವಣದಲ್ಲಿ ಮದುವೆ ಇಟ್ಟುಕೊಂಡವರು ಹಬ್ಬದ ಶುಕ್ರವಾರದಿಂದ ನಾಲ್ಕು ದಿನ ಆಚೀಚೆ ಮುಹೂರ್ತ ಸಿಗುತ್ತದೆಯೇ ಅಂತ ಪುರೋಹಿತರನ್ನು ಕೇಳಿ ನೋಡಬಹುದು. ಹೂವಿನ ಖರ್ಚಿನಲ್ಲಿ ಅಷ್ಟು ದೊಡ್ಡ ಉಳಿತಾಯ ಬೇರೆ ಯಾವ ಜಾಣತನದಿಂದಲೂ ಆಗದು.

ಹಾರದ ಅಂಗಡಿಗಳಲ್ಲಿ ಕೈ ಬಿಗಿ ಹಿಡಿಯಬೇಡಿ. ವಧೂವರರ ಹಾರ ಮತ್ತು ಹುಡುಗಿಯ ಮೊಗ್ಗಿನ ಜಡೆ, ಇವೆರಡೂ ಹತ್ತಿರದಿಂದ ಕಾಣುವಂಥವು, ಎಲ್ಲಾ ಫೋಟೋಗಳಲ್ಲೂ ಉಳಿಯುವಂಥವು. ಜಡೆಗೆ ಮಲ್ಲಿಗೆ ಮೊಗ್ಗೇ ಆಗಬೇಕು, ಮಾಘದಲ್ಲೂ. ಬೇಕಾಗುವುದು ಸ್ವಲ್ಪವೇ, ಬೆಲೆ ಹೆಚ್ಚಿದ್ದರೆ ಹೆಚ್ಚಿರಲಿ. ಹಾರಕ್ಕೆ ಸುಗಂಧರಾಜ ಒಳ್ಳೆಯದು. ಮಾಲೆಗೆ ಸಲ್ಲುವುದು ಒಂಟಿ ಸುತ್ತಿನ ಎಸಳಿನದು, ದಪ್ಪ ಸುತ್ತಿನದು ಹೂಗುಚ್ಛಕ್ಕೆ. ಇಲ್ಲಿ ಬರುವ ಸುಗಂಧರಾಜದ ಹಿಂದೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಶ್ರಮವೂ ಇದೆ. ಶೃಂಗಾರ, ಪ್ರಜ್ವಲ್ ಎಂಬ ಒಂಟಿ ಸುತ್ತಿನ ತಳಿಗಳನ್ನು ಹೊರತಂದದ್ದು ಅವರೇ. ಹಾರದ ಬೆಲೆಯಲ್ಲಿ ಹೂವಿನಷ್ಟೇ ಕಟ್ಟುವವರ ಕೂಲಿಯೂ ಸೇರಿರುವುದರಿಂದ ಉದ್ದ, ಬಣ್ಣ, ನಡುವಿನ ಕುಚ್ಚು ಎಲ್ಲವನ್ನೂ ಎರಡು ದಿನ ಮೊದಲೇ ಹೇಳಿ ಚೀಟಿ ಬರೆಸಿಕೊಳ್ಳಬೇಕು. ಅಂದಂದೇ ಬೇಕೆಂದರೆ ತೂಗುಹಾಕಿದ್ದರಲ್ಲಿ ಒಂದನ್ನು ಇಳಿಸಿ ಕೊಡುತ್ತಾರೆ. ಅದು ದೇವಸ್ಥಾನಕ್ಕೋ ಸನ್ಮಾನಕ್ಕೋ ಕಟ್ಟಿದ್ದಿರುತ್ತದೆ.

ಆರತಕ್ಷತೆಯ ವೇದಿಕೆಗೆ ಉದ್ದ ಕಾಂಡದ ಗುಲಾಬಿ, ಜರ್ಬೆರಾ ಬೇಕಾದವರಿಗೆ ಕಟ್ಟುಗಳು ಸಿಗುತ್ತವೆ: ಗುಲಾಬಿ 20ರ ಕಟ್ಟು, ಜರ್ಬೆರಾ 10ರದು. ಗುಲಾಬಿಯ ಬುಡ ಒತ್ತಿದಾಗ ಗಟ್ಟಿಯಾಗಿರಬೇಕು. ಪ್ರೇಮಿಗಳ ದಿನದ ಆಸುಪಾಸಿನಲ್ಲಿ ಇದರ ತಂಟೆಗೆ ಹೋಗುವುದೇ ಬೇಡ.

ಮಾವಿನ ಸೊಪ್ಪು, ಬಾಳೆಕಂದು, ವೀಳ್ಯದೆಲೆ ಹೊರಗಿನ ರಸ್ತೆಯಲ್ಲಿವೆ. ಮರುಗ, ದವನದ ಕಟ್ಟುಗಳನ್ನು ಮರೆಯದೆ ತನ್ನಿ. ಬಿಳಿ ಹಾರದ ನಡುವೆ ಹಸಿರು ಸೇರಿದಷ್ಟೂ ಹೂವು ಕಡಿಮೆ ಸಾಕು, ವಾಸನೆಯೂ ಬರುತ್ತದೆ. ಮನೆಗೆ ತಂದ ಚೆಂಡುಹೂವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಡದೆ ಗೋಣಿಯ ಮೇಲೆ ಹರಡಿ. ಮಲ್ಲಿಗೆ, ಕಾಕಡಕ್ಕೆ ನೀರು ಸುರಿಯಬೇಡಿ, ಕಂದು ಚುಕ್ಕೆ ಬೀಳುತ್ತದೆ. ಹಿಂಡಿದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಣ್ಣಗಿನ ಜಾಗದಲ್ಲಿಟ್ಟರೆ ಸಾಕು. ಮಂಟಪಕ್ಕೆ ಸರ ಏರಿಸುವುದಕ್ಕೆ ಜನ ಬೇಕಾದರೆ ಅಲಂಕಾರದವರನ್ನೇ ಕೇಳಬಹುದು, ಹೂವು ನಮ್ಮದು, ಚೌಕಟ್ಟು ಮತ್ತು ಕೂಲಿ ನಿಮ್ಮದು ಎಂದು. ಕೆಲವರು ಮುಖ ಸಿಂಡರಿಸುತ್ತಾರೆ, ಕೆಲವರು ಒಪ್ಪುತ್ತಾರೆ.

ಇಷ್ಟಕ್ಕೂ ಮೊದಲು ಛತ್ರಕ್ಕೆ ಮುಂಗಡ ಕೊಡುವಾಗಲೇ ಒಂದು ಪ್ರಶ್ನೆ ಕೇಳಿ: ಹೊರಗಿನಿಂದ ಹೂವು ತರಲು, ನಮ್ಮ ಜನರಿಂದ ಕಟ್ಟಿಸಲು ಬಿಡುತ್ತೀರಾ? ತಮ್ಮ ಅಲಂಕಾರದವರೇ ಆಗಬೇಕೆಂಬ ಷರತ್ತು ಹಾಕುವ ಛತ್ರಗಳು ಈಗ ಬಹಳ ಇವೆ. ಒಪ್ಪಿದರೆ ಆ ಮಾತನ್ನು ರಸೀದಿಯ ಮೇಲೆ ಬರೆಸಿಕೊಂಡೇ ದುಡ್ಡು ಕೊಡಿ.