ಮೇರೆ ಮೀರಿದ ಉತ್ಸಾಹ

ಜ್ವರ ಬಂದರೆ ಮೈ ಬಿಸಿಯಾಗುತ್ತದೆ. ಹಲ್ಲು ನೊಂದರೆ ಊಟ ಸೇರುವುದಿಲ್ಲ. ಕಾಯಿಲೆ ಬಂದುದು ರೋಗಿಗೇ ಮೊದಲು ತಿಳಿಯುತ್ತದೆ. ಇದಕ್ಕೆ ವಿರುದ್ಧವಾದ ಕಾಯಿಲೆಯೊಂದುಂಟು. ಅದು ಬಂದಾಗ ತನ್ನಷ್ಟು ಆರೋಗ್ಯವಂತ ಇನ್ನೊಬ್ಬನಿಲ್ಲವೆಂದೇ ತೋರುತ್ತದೆ. ಅದೇ ಉನ್ಮಾದ; ವೈದ್ಯರ ಮಾತಿನಲ್ಲಿ ಮೇನಿಯಾ. ಬಹುಮಟ್ಟಿಗೆ ಇದು ಬೈಪೋಲಾರ್ ಎಂಬ ಕಾಯಿಲೆಯ ಒಂದು ಮುಖ. ಇನ್ನೊಂದು ಮುಖ ಖಿನ್ನತೆ. ಮಂಕಾಗಿ ಕುಳಿತವನನ್ನು ಮನೆಯವರು ವಿಚಾರಿಸುವರು. ಉನ್ಮಾದವನ್ನಾದರೋ ಚುರುಕುತನವೆಂದು ಮೆಚ್ಚುವುದೇ ಹೆಚ್ಚು.

ಹಾಗಾದರೆ ತನ್ನಲ್ಲಿ ತಾನು ಗುರುತಿಸುವುದು ಹೇಗೆ?

ಮೊದಲ ಸುಳಿವು ನಿದ್ರೆ. ರಾತ್ರಿಯೆಲ್ಲ ಹೊರಳಾಡಿ ಬೆಳಗ್ಗೆ ಸೋತು ಏಳುವುದು ಬೇರೆ. ಮೂರೇ ಗಂಟೆ ಮಲಗಿ ಎಳ್ಳಷ್ಟೂ ದಣಿವಿಲ್ಲದೆ ಏಳುವುದು ಬೇರೆ. ಎರಡನೆಯದು ಹಲವು ದಿನ ನಡೆದರೆ ಎಚ್ಚರವಾಗಬೇಕು. ಎರಡನೆಯ ಸುಳಿವು ಮಾತು: ಎದುರಿನವರು ಬಾಯಿ ತೆರೆಯಲೂ ಎಡೆಯಿಲ್ಲ, ಒಂದು ವಿಚಾರ ಮುಗಿಯುವ ಮೊದಲೇ ಇನ್ನೊಂದು ನುಗ್ಗುತ್ತದೆ. ಮೂರನೆಯದು ಹಣ. ಕೋಠಿಗೆ ಒಂದು ಚಾದರ ಕೊಳ್ಳಲು ಹೋಗಿ ಸಂಬಳವನ್ನೆಲ್ಲ ಸುರಿದು ಬರುವುದು, ಸಾಲ ತೆಗೆದು ಹೊಸ ವ್ಯಾಪಾರಕ್ಕೆ ಕೈ ಹಾಕುವುದು. ನಾಲ್ಕನೆಯದು, ತಡೆದವರ ಮೇಲೆಲ್ಲ ಸಿಡುಕು. ಇಂಥ ಸ್ಥಿತಿ ಒಂದು ವಾರ, ದಿನದ ಬಹುಭಾಗ ಇದ್ದರೆ ವೈದ್ಯರು ಮೇನಿಯಾ ಎಂದು ಪರಿಗಣಿಸುತ್ತಾರೆ. ಆದರೆ ನಾವು ವಾರ ಕಾಯುತ್ತ ಕೂರಬೇಕಾಗಿಲ್ಲ.

ಒಮ್ಮೆ ಈ ಕಾಯಿಲೆ ಕಂಡವರು ಕಚೇರಿಯ ಹಾಜರಿ ಪುಸ್ತಕದಂತೆ ನಿದ್ರೆಗೊಂದು ಪುಸ್ತಕವಿಡುವುದು ಲೇಸು. ಮಲಗಿದ ಗಂಟೆ, ಎದ್ದ ಗಂಟೆ, ಅಂದಿನ ಖರ್ಚು, ಇಷ್ಟು ಸಾಕು. ಮನಸ್ಸು ಮರೆಮಾಡಿದ್ದನ್ನು ಅಂಕಿಗಳು ಹೇಳುತ್ತವೆ.

ಆದರೂ ತನ್ನ ಬೆನ್ನು ತನಗೆ ಕಾಣದು. ಊರಲ್ಲಾದರೆ ಅತ್ತಿಗೆಯೋ ನೆರೆಯವರೋ ಕಂಡು ಹೇಳಿಯಾರು. ಪರಸ್ಥಳದ ಸಣ್ಣ ಸಂಸಾರಗಳಲ್ಲಿ ಆ ಕಣ್ಣುಗಳಿಲ್ಲ. ಆದುದರಿಂದ ಮನಸ್ಸು ನೆಟ್ಟಗಿರುವಾಗಲೇ ಹೆಂಡತಿಗೋ ಗಂಡನಿಗೋ ಗೆಳೆಯನಿಗೋ ಹೇಳಿಡಬೇಕು: 'ನಾನು ಎರಡು ರಾತ್ರಿ ನಿದ್ರೆಗೆಟ್ಟೂ ಹರ್ಷದಿಂದಿದ್ದರೆ, ನಾನೆಷ್ಟೇ ಒಲ್ಲೆನೆಂದರೂ ವೈದ್ಯರಿಗೆ ತಿಳಿಸಿ, ಬ್ಯಾಂಕಿನ ಕಾರ್ಡು ನಿಮ್ಮಲ್ಲಿರಲಿ.' 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಚಿಕಿತ್ಸೆ ಹೇಗಿರಬೇಕೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನೂ ಪ್ರತಿನಿಧಿಯನ್ನು ಹೆಸರಿಸುವ ಹಕ್ಕನ್ನೂ ಕೊಟ್ಟಿದೆ.

ಔಷಧವಿಲ್ಲದ ಕಾಯಿಲೆ ಇದಲ್ಲ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಲಿಥಿಯಂ ಎಂಬ ಸಾಧಾರಣ ಲವಣದ ಗುಣವನ್ನು ಪ್ರಕಟಿಸಿದರು. ಇಂದಿಗೂ ಅದು ಮುಖ್ಯ ಮದ್ದು. ಅದನ್ನು ಸೇವಿಸುವವರು ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸತಕ್ಕದ್ದು. ಗುಣವಾಯಿತೆಂದು ತಾವಾಗಿ ನಿಲ್ಲಿಸಲಾಗದು. ಖಿನ್ನತೆಯ ಮಾತ್ರೆಯೊಂದನ್ನೇ ನುಂಗಿದರೆ ಕೆಲವರಲ್ಲಿ ಉನ್ಮಾದ ಕೆರಳುವುದುಂಟು. ಹಿಂದಿನ ಉತ್ಸಾಹದ ದಿನಗಳನ್ನೂ ವೈದ್ಯರಿಗೆ ಹೇಳಬೇಕು. ಥೈರಾಯ್ಡಿನ ದೋಷವೂ ಸ್ಟೀರಾಯ್ಡ್ ಔಷಧಗಳೂ ಇದೇ ವೇಷದಲ್ಲಿ ಬರಬಹುದು.

ಹೈದರಾಬಾದಿನಲ್ಲಿ ಎರ್ರಗಡ್ಡದ ಸರಕಾರಿ ಮಾನಸಿಕ ಆಸ್ಪತ್ರೆಯಿದೆ. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್‌ಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಬಹುದು. ನಾಚಿಕೆಗೆ ಎಡೆಯಿಲ್ಲ. 'ನನಗೇಕೆ ವೈದ್ಯರು? ಎಂದೂ ಇಷ್ಟು ಚೆನ್ನಾಗಿರಲಿಲ್ಲ' ಎಂದು ನಿದ್ರೆಗೆಟ್ಟ ಮನಸ್ಸು ವಾದಿಸಿದರೆ, ವೈದ್ಯರಲ್ಲಿಗೆ ಹೋಗಲು ಅದೇ ತಕ್ಕ ಸಮಯ.