ಮಾರ್ಕಪ್ ಎಂದರೇನು? ಖುತ್ಬಾ ಸಾರಾಂಶ ಬರೆಯುವವರಿಗೆ



ನಮ್ಮ ಮನೆಗಳಲ್ಲಿರುವ ಕುರ್‌ಆನ್ ಪ್ರತಿಗಳಲ್ಲಿ ಸಾಲಿನ ಮೇಲೆ ಸಣ್ಣ ಅಕ್ಷರಗಳನ್ನು ನೋಡಿರುತ್ತೀರಿ. ‘ಮೀಮ್’ ಇದ್ದಲ್ಲಿ ನಿಲ್ಲಬೇಕು, ‘ಲಾ’ ಇದ್ದಲ್ಲಿ ನಿಲ್ಲಬಾರದು, ‘ಜೀಮ್’ ಇದ್ದಲ್ಲಿ ನಿಲ್ಲಬಹುದು. ತಿಲಾವತ್ ಮಾಡುವಾಗ ಇವನ್ನು ಯಾರೂ ಉಚ್ಚರಿಸುವುದಿಲ್ಲ. ಹೇಗೆ ಓದಬೇಕೆಂದು ತಿಳಿಸುವುದಷ್ಟೇ ಇವುಗಳ ಕೆಲಸ. ಕಂಪ್ಯೂಟರಿನ ಮಾರ್ಕಪ್ ಭಾಷೆಯೂ ಹೀಗೆಯೇ. ಬರಹದ ನಡುವೆ ಇಟ್ಟ ಗುರುತುಗಳು ಯಾವ ಭಾಗ ಏನೆಂದು ಯಂತ್ರಕ್ಕೆ ತಿಳಿಸುತ್ತವೆ.

ಇದು ನಿಮಗೆ ಹೊಸತಲ್ಲ. ವಾಟ್ಸಾಪ್‌ನಲ್ಲಿ ಪದದ ಹಿಂದೆ ಮುಂದೆ ನಕ್ಷತ್ರ ಚಿಹ್ನೆ (*) ಹಾಕಿದರೆ, ಕಳಿಸಿದ ಮೇಲೆ ಚಿಹ್ನೆ ಮರೆಯಾಗಿ ಪದ ದಪ್ಪಕ್ಷರದಲ್ಲಿ ಕಾಣುತ್ತದೆ. ಅದೇ ಮಾರ್ಕಪ್.

ವೆಬ್ ಪುಟಗಳ ಮಾರ್ಕಪ್ ಭಾಷೆ ಎಚ್‌ಟಿಎಂಎಲ್. ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ ಇದನ್ನು ರೂಪಿಸಿದರು. ಇದರ ಗುರುತಿಗೆ ಟ್ಯಾಗ್ ಎನ್ನುತ್ತಾರೆ. ಶೀರ್ಷಿಕೆಗೊಂದು, ಪ್ಯಾರಾಕ್ಕೊಂದು, ಉದ್ಧರಣೆಗೊಂದು ಟ್ಯಾಗ್ ಇದೆ. ಸಾಮಾನ್ಯವಾಗಿ ಇವು ಜೋಡಿಯಾಗಿರುತ್ತವೆ: ಒಂದು ತೆರೆಯಲು, ಓರೆಗೆರೆ (/) ಇರುವ ಇನ್ನೊಂದು ಮುಚ್ಚಲು. ಉದ್ಧರಣೆಯ ಟ್ಯಾಗನ್ನು ಮುಚ್ಚಲು ಮರೆತರೆ ಮುಂದಿನ ಮಾತೆಲ್ಲ ಉದ್ಧರಣೆಯೊಳಗೇ ಸೇರಿಬಿಡುತ್ತದೆ.

ಇದು ನಮಗೇಕೆ ಮುಖ್ಯ? ಕುಡತಿನಿಯಲ್ಲಿ ಜುಮಾ ಮುಗಿಸಿ ಬಂದ ಯುವಕ ಖುತ್ಬಾದ ಸಾರಾಂಶವನ್ನು ಮೊಬೈಲಿನಲ್ಲಿ ಬರೆದು ಕುರುಗೋಡು, ಸಿರುಗುಪ್ಪದ ಬಂಧುಗಳಿಗೆ ಕಳಿಸುತ್ತಾನೆ ಎನ್ನಿ. ಅದರಲ್ಲಿ ಆಯತ್‌ನ ಅನುವಾದವಿದೆ, ಹದೀಸ್ ಇದೆ, ಖತೀಬರ ವಿವರಣೆಯೂ ಇದೆ. ಗುರುತಿಲ್ಲದೆ ಮೂರೂ ಒಂದೇ ಪ್ಯಾರಾದಲ್ಲಿ ಬೆರೆತರೆ, ಖತೀಬರ ಮಾತನ್ನೇ ಯಾರಾದರೂ ಆಯತ್ ಎಂದು ತಿಳಿದು ಮುಂದೆ ಹೇಳಬಹುದು. ಯಾರ ಮಾತನ್ನು ಅವರದೆಂದೇ ತಲುಪಿಸುವುದು ಅಮಾನತ್.

ಉರ್ದು, ಅರಬಿ ಸಾಲುಗಳಿಗೆ ಇನ್ನೊಂದು ಎಚ್ಚರ ಬೇಕು. ಅವು ಬಲದಿಂದ ಎಡಕ್ಕೆ ಸಾಗುತ್ತವೆ. ಆ ದಿಕ್ಕನ್ನು ಎಚ್‌ಟಿಎಂಎಲ್‌ನಲ್ಲಿ ತಿಳಿಸದಿದ್ದರೆ ಪೂರ್ಣವಿರಾಮ, ಆವರಣ ಚಿಹ್ನೆ ಸಾಲಿನ ತಪ್ಪು ತುದಿಗೆ ಹೋಗಿ ಕೂರಬಹುದು.

ಈ ಶುಕ್ರವಾರವೇ ಅಭ್ಯಾಸ ಆರಂಭಿಸಿ. ವಾಟ್ಸಾಪ್‌ನಲ್ಲಿ 2024ರಿಂದ ಉದ್ಧರಣೆಗೂ ಗುರುತಿದೆ: ಸಾಲಿನ ಆರಂಭದಲ್ಲಿ > ಚಿಹ್ನೆ, ಒಂದು ಖಾಲಿ ಜಾಗ, ಆಮೇಲೆ ಆಯತ್ ಅಥವಾ ಹದೀಸ್‌ನ ಅನುವಾದ. ಬೇರೆಡೆಗೆ ನಕಲಿಸುವಾಗ ಗುರುತು ಅಳಿಸಿಹೋದರೂ ಗೊಂದಲವಾಗದಂತೆ ಸೂರಾದ ಹೆಸರು, ಆಯತ್ ಸಂಖ್ಯೆಯನ್ನು ಅಕ್ಷರದಲ್ಲೂ ಬರೆಯಿರಿ. ಖತೀಬರ ಮಾತು ಬೇರೆ ಪ್ಯಾರಾದಲ್ಲಿರಲಿ.