ಪುಡಿಹಿಮದ ಕಡಿದಾದ ದಾರಿ: ಏರಿ ಅರಿತು ಇಳಿಯುವ ವಿದ್ಯೆ

ಪರ್ವತದ ಮೈಯಲ್ಲಿ ಎರಡು ಬಂಡೆಗೋಡೆಗಳ ನಡುವೆ ನೆತ್ತಿಯಿಂದ ತಳದವರೆಗೆ ಸೀಳಿಕೊಂಡು ಹೋಗುವ ಇಕ್ಕಟ್ಟಾದ, ಕಡಿದಾದ ಕೊರಕಲನ್ನು ಪರ್ವತಾರೋಹಿಗಳು ಕೂಲ್ವಾರ್ ಎಂದು ಕರೆಯುತ್ತಾರೆ. ಬೇಸಿಗೆಯಲ್ಲಿ ಕಲ್ಲುಗಳು ಉರುಳಿಬರುವ ಈ ಕೊರಕಲಿನಲ್ಲಿ ಚಳಿಗಾಲದ ಗಾಳಿ ಅಕ್ಕಪಕ್ಕದ ಏಣುಗಳಿಂದ ಹೊತ್ತು ತಂದ ಹಿಮವೆಲ್ಲ ಶೇಖರವಾಗುತ್ತದೆ, ಮತ್ತು ಇಕ್ಕೆಲದ ಬಂಡೆಗಳು ಬಿಸಿಲಿಗೆ ಅಡ್ಡ ನಿಲ್ಲುವುದರಿಂದ ಆ ಹಿಮ ಕರಗಿ ಗಟ್ಟಿಯಾಗದೆ ಎಷ್ಟೋ ದಿನ ಪುಡಿಯಾಗಿಯೇ ಉಳಿಯುತ್ತದೆ. ಇಂಥ ಕೊರಕಲನ್ನು ಕಾಲ್ನಡಿಗೆಯಲ್ಲಿ ಏರಿ, ಅದೇ ದಾರಿಯಲ್ಲಿ ಸ್ಕೀ ಕಟ್ಟಿಕೊಂಡು ಇಳಿಯುವ ಸಾಹಸದ ಚಿತ್ರಗಳನ್ನು ನೋಡುವವರ ಕಣ್ಣು ಸಹಜವಾಗಿ ಇಳಿತದ ವೇಗದ ಮೇಲೆ ನೆಡುತ್ತದೆ. ಆದರೆ ಈ ವಿದ್ಯೆಯ ಬುದ್ಧಿಯೆಲ್ಲ ಇರುವುದು ಏರುವಿಕೆಯಲ್ಲಿ. ಇಳಿಯಬಹುದೇ, ಇಳಿಯಬಾರದೇ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಅಲ್ಲಿಯೇ.

ಕಡಿದಾದ ಇಳಿಜಾರಿನ ಸ್ಕೀಯಿಂಗ್ ಒಂದು ಪ್ರತ್ಯೇಕ ವಿದ್ಯೆಯಾಗಿ ರೂಪುಗೊಂಡದ್ದು ಆಲ್ಪ್ಸ್ ಪರ್ವತಗಳಲ್ಲಿ. ಆಸ್ಟ್ರಿಯಾದ ಅತ್ಯುನ್ನತ ಶಿಖರವಾದ ಗ್ರೋಸ್‌ಗ್ಲಾಕ್ನರ್‌ನ ಪಲ್ಲಾವಿಚೀನಿ ಕೂಲ್ವಾರನ್ನು 1961ರಲ್ಲಿ ಸ್ಕೀ ಮೇಲೆ ಇಳಿಯಲಾಯಿತಾದರೂ, ಈ ಸಾಹಸ ಜನಮನದಲ್ಲಿ ನೆಲೆಯೂರಿದ್ದು 1967ರಲ್ಲಿ, ಸ್ವಿಟ್ಜರ್‌ಲೆಂಡಿನ ಸಿಲ್ವೆಂ ಸೋದಾಂ ಫ್ರಾನ್ಸಿನ ಶಾಮೊನಿ ಪಟ್ಟಣದ ನೆತ್ತಿಯ ಮೇಲಿರುವ ಬ್ಲೇತಿಯೇರ್ ಶಿಖರದ ಸ್ಪೆನ್ಸರ್ ಕೂಲ್ವಾರನ್ನು ಇಳಿದಾಗ. ಆ ಕೊರಕಲಿನ ಓರೆ ಕೆಲವೆಡೆ 50 ಡಿಗ್ರಿಯನ್ನೂ ಮೀರುತ್ತದೆ. ಅಷ್ಟು ಓರೆಯಲ್ಲಿ ನೇರವಾಗಿ ನಿಂತು ಬೆಟ್ಟದ ಕಡೆಯ ಕೈಯನ್ನು ತುಸು ಚಾಚಿದರೆ ಸಾಕು, ಬೆರಳಿಗೆ ಹಿಮ ತಾಕುತ್ತದೆ. ಸೋದಾಂ ದೇಹದ ಭಾರವನ್ನು ಹಿಮ್ಮಡಿಗಳ ಮೇಲೆ ಹಾಕಿ, ಎರಡೂ ಸ್ಕೀಗಳ ಮುಂತುದಿಗಳನ್ನು ಒಟ್ಟಿಗೆ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಹೊರಳಿಸುವ ತಿರುವನ್ನು ರೂಢಿಸಿಕೊಂಡಿದ್ದರು; ಇದರಿಂದ ಪ್ರತಿ ತಿರುವಿನಲ್ಲೂ ಕೆಳಕ್ಕೆ ಜಾರುವ ದೂರ ಬಹಳ ಕಡಿಮೆಯಾಗುತ್ತಿತ್ತು. ಅವರ ಬೆನ್ನಿಗೇ ಬಂದ ಪಾತ್ರಿಕ್ ವಾಲಾಂಸಾಂ, ಆನ್ಸೆಲ್ಮ್ ಬೋ, ಜಾಂ-ಮಾರ್ಕ್ ಬುವಾವೆಂ ಮೊದಲಾದ ಫ್ರೆಂಚ್ ಸ್ಕೀಪಟುಗಳು ಈ ಪರಂಪರೆಯನ್ನು ಇನ್ನೂ ಕಡಿದಾದ ಮುಖಗಳಿಗೆ ಕೊಂಡೊಯ್ದರು.

ಆ ಮೊದಲ ತಲೆಮಾರಿನ ಇಳಿತಗಳಲ್ಲಿ ಹೆಚ್ಚಿನವು ನಡೆದದ್ದು ವಸಂತ ಮತ್ತು ಬೇಸಿಗೆಯ ಹಿಮದ ಮೇಲೆ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿ ಒಂದೇ ಮುದ್ದೆಯಾದ ಹಿಮ ಬೆಳಗಿನ ಬಿಸಿಲಿಗೆ ಮೇಲ್ಮೈಯಲ್ಲಷ್ಟೇ ಮೆದುವಾಗುವುದರಿಂದ, ಅದು ಯಾವ ಹೊತ್ತಿಗೆ ಹೇಗೆ ವರ್ತಿಸುತ್ತದೆಂಬುದನ್ನು ಬಹುಮಟ್ಟಿಗೆ ಮೊದಲೇ ಊಹಿಸಬಹುದು. ಚಳಿಗಾಲದ ಪುಡಿಹಿಮ ಹಾಗಲ್ಲ. ಆಗತಾನೆ ಬಿದ್ದ ಹಿಮದ ಒಂದು ಘನ ಮೀಟರ್ ಸಾಮಾನ್ಯವಾಗಿ 50ರಿಂದ 100 ಕಿಲೋ ತೂಗುತ್ತದೆ, ಅಂದರೆ ಅದರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಬರಿಯ ಗಾಳಿ. ಸ್ಕೀಗೆ ಮೆತ್ತನೆಯ ಆಸರೆ ಕೊಟ್ಟು ವೇಗವನ್ನು ತಾನೇ ತಗ್ಗಿಸುವ ಈ ಗುಣದಿಂದಲೇ ಪುಡಿಹಿಮ ಎಲ್ಲರಿಗೂ ಪ್ರಿಯ. ಅದರಡಿ ಏನು ಅಡಗಿದೆ ಎಂಬುದು ಮಾತ್ರ ಬರಿಗಣ್ಣಿಗೆ ಕಾಣುವುದಿಲ್ಲ.

ಚಳಿಗಾಲದ ಹಿಮರಾಶಿ ಒಂದೊಂದು ಬಿರುಗಾಳಿಗೂ ಒಂದೊಂದು ಪದರವಾಗಿ ಬೆಳೆಯುತ್ತದೆ. ನೆಲಕ್ಕೆ ತಾಗಿದ ಹಿಮ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿದ್ದು ಮೇಲ್ಮೈ ಅದಕ್ಕಿಂತ ಬಹಳ ತಣ್ಣಗಿರುವಾಗ, ಆವಿ ಕೆಳಗಿನಿಂದ ಮೇಲಕ್ಕೆ ಸರಿದು, ನಡುವಿನ ಹಿಮಕಣಗಳನ್ನು ಸಕ್ಕರೆಯಂತೆ ಒಂದಕ್ಕೊಂದು ಅಂಟದ ಕೋನಕೋನದ ಹರಳುಗಳಾಗಿ ಮಾರ್ಪಡಿಸುತ್ತದೆ. ಇದೇ ದುರ್ಬಲ ಪದರ. ಅದರ ಮೇಲೆ ಗಾಳಿ ಹೊಸ ಹಿಮವನ್ನು ಒತ್ತಿ ಹಲಗೆಯಾಗಿ ಕೂರಿಸಿದರೆ, ಒಬ್ಬ ಮನುಷ್ಯನ ಭಾರಕ್ಕೇ ಕೆಳಗಿನ ಹರಳುಗಳು ಕುಸಿದು, ಬಿರುಕು ಕ್ಷಣಾರ್ಧದಲ್ಲಿ ಸುತ್ತಲೂ ಹರಡಿ, ಇಡೀ ಹಲಗೆ ಒಟ್ಟಿಗೆ ಜಾರತೊಡಗುತ್ತದೆ. ಇದನ್ನು ಹಲಗೆ ಹಿಮಕುಸಿತ ಎನ್ನಬಹುದು. ಇಂಥ ಕುಸಿತಗಳಲ್ಲಿ ಹೆಚ್ಚಿನವು 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿ ಸಂಭವಿಸುತ್ತವೆ. ಅದಕ್ಕಿಂತ ಕಡಿದಾದ ಕಡೆ ಹಿಮ ಆಗಾಗ ತಾನೇ ಉದುರಿಹೋಗುವುದುಂಟು. ಆದರೂ ಕೂಲ್ವಾರಿನ ಬಾಯಿಯಲ್ಲಿ ಗಾಳಿ ಕಟ್ಟಿದ ಹಲಗೆಯಾಗಲಿ, ಏಣಿನ ಅಂಚಿನಿಂದ ಚಾಚಿಕೊಂಡ ಹಿಮದ ಸೂರಾಗಲಿ ಇಲ್ಲವೆಂದು ಅದರಿಂದ ತೀರ್ಮಾನಿಸಲಾಗದು. ಸಾವು ತಂದ ಹಿಮಕುಸಿತಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತನ್ನು ಸಡಿಲಿಸಿದವರು ಅದಕ್ಕೆ ಸಿಕ್ಕಿದವರೇ, ಇಲ್ಲವೇ ಅವರ ಜೊತೆಗಾರರೇ ಎಂಬ ಸಂಗತಿಯನ್ನು ಈ ದಾರಿ ಹಿಡಿಯುವ ಪ್ರತಿಯೊಬ್ಬರೂ ಮನನ ಮಾಡಬೇಕು.

ಏರುವಿಕೆ ಬೇಕಾಗುವುದು ಇದಕ್ಕಾಗಿ. ತಳದ ಸೌಮ್ಯ ಇಳಿಜಾರಿನಲ್ಲಿ ಸ್ಕೀಯ ಅಡಿಗೆ ಸ್ಕಿನ್ ಎಂಬ ಪಟ್ಟಿಯನ್ನು ಅಂಟಿಸಿಕೊಳ್ಳುತ್ತಾರೆ. ಒಂದೇ ದಿಕ್ಕಿಗೆ ಒರಗಿದ ಅದರ ಎಳೆಗಳು ಸ್ಕೀಯನ್ನು ಮುಂದಕ್ಕೆ ಜಾರಲು ಬಿಟ್ಟು ಹಿಂದಕ್ಕೆ ಜಾರದಂತೆ ಹಿಡಿಯುತ್ತವೆ. ಕೊರಕಲು ಕಡಿದಾದಂತೆ ಸ್ಕೀಗಳು ಬೆನ್ನಚೀಲಕ್ಕೆ ಏರುತ್ತವೆ, ಬೂಟುಗಳಿಗೆ ಕ್ರ್ಯಾಂಪಾನ್ ಎಂಬ ಉಕ್ಕಿನ ಮುಳ್ಳುಗಳು ಬರುತ್ತವೆ, ಕೈಗೆ ಹಿಮಗೊಡಲಿ ಬರುತ್ತದೆ. ಮುಂದಿನವರು ಒಂದೊಂದೇ ಹೆಜ್ಜೆಯನ್ನು ಒದ್ದು ಮೆಟ್ಟಿಲು ಮಾಡುತ್ತ ಸಾಗುತ್ತಾರೆ, ಸೊಂಟದವರೆಗೆ ಹೂತುಕೊಳ್ಳುವಷ್ಟು ಹಿಮವಿರುವ ಕಡೆ ಆ ಸರದಿಯನ್ನು ಹಂಚಿಕೊಳ್ಳುತ್ತಾರೆ. ಈ ನಿಧಾನಗತಿಯೇ ಹಿಮದ ಪರೀಕ್ಷೆಯೂ ಹೌದು. ಸ್ಕೀ ಕೋಲನ್ನು ಹಿಮದೊಳಗೆ ಇಳಿಸಿದಾಗ ಒಂದು ಆಳದಲ್ಲಿ ತಡೆ ಸಿಕ್ಕಿ ಮರುಕ್ಷಣವೇ ಅದು ಸರ್ರನೆ ಒಳಕ್ಕೆ ಹೋದರೆ ಗಟ್ಟಿ ಪದರದಡಿ ಟೊಳ್ಳಿದೆಯೆಂದು ತಿಳಿಯಬೇಕು. ಮೆಟ್ಟಿಲ ಪಕ್ಕದ ಹಿಮವನ್ನು ಒಂದು ಮೊಳದಷ್ಟು ಅಗಲಕ್ಕೆ ಕೈಯಿಂದ ಬಿಡಿಸಿ ತನ್ನ ಕಡೆಗೆ ಎಳೆದಾಗ ಅದು ನುಣುಪಾದ ಮೈಯೊಡನೆ ಒಂದೇ ತುಂಡಾಗಿ ಕಳಚಿಬಂದರೆ, ಅಥವಾ ಹೆಜ್ಜೆ ಇಟ್ಟೊಡನೆ ಹಿಮದೊಳಗಿಂದ ಧಪ್ಪನೆ ಸದ್ದು ಕೇಳಿದರೆ, ಅಲ್ಲಿಂದ ಮುಂದೆ ವಾದಕ್ಕೆ ಎಡೆಯಿಲ್ಲ: ಹಿಂದಿರುಗುವುದೇ ದಾರಿ.

ಏರುವಿಕೆಗೂ ಅದರದೇ ಅಪಾಯವಿದೆ. ಕೂಲ್ವಾರಿನಲ್ಲಿ ಮೇಲಿನಿಂದ ಬರುವ ಎಲ್ಲಕ್ಕೂ, ಕಲ್ಲಿಗೂ ಹಿಮಕ್ಕೂ ಇತರ ಸ್ಕೀಯವರಿಗೂ, ಇರುವುದು ಒಂದೇ ದಾರಿ; ಅದೇ ದಾರಿಯಲ್ಲಿ ಆರೋಹಿ ಗಂಟೆಗಟ್ಟಲೆ ನಿಂತಿರುತ್ತಾನೆ. ಶಾಮೊನಿಯಿಂದ 3842 ಮೀಟರ್ ಎತ್ತರದ ಏಗ್ವೀ ದ್ಯು ಮಿದಿ ಶಿಖರಕ್ಕೆ ಕೇಬಲ್ ಕಾರ್ ಇರುವುದರಿಂದ, ಅಲ್ಲಿಯ ಹಲವು ಕಡಿದಾದ ಇಳಿತಗಳಿಗೆ ಮೇಲಿನಿಂದಲೇ ಪ್ರವೇಶಿಸಬಹುದು. ಇದರಿಂದ ಅಪಾಯದಡಿ ನಿಲ್ಲುವ ಸಮಯ ಉಳಿಯುತ್ತದೆ, ಆದರೆ ಹಿಮದ ಪರಿಚಯ ಮೊದಲ ತಿರುವಿನಲ್ಲೇ ಆಗಬೇಕಾಗುತ್ತದೆ. ಅನುಭವಿಗಳು ಈ ಎರಡನ್ನೂ ತೂಗಿ, ಏರುವುದಾದರೆ ನಸುಕಿಗೂ ಮುಂಚೆ ಹೊರಟು, ಬಿಸಿಲು ತಾಗುವ ಮೊದಲೇ ಕೆಲಸ ಮುಗಿಸಲು ನೋಡುತ್ತಾರೆ.

ಇಳಿಯುವಾಗ ಒಮ್ಮೆಗೆ ಒಬ್ಬರೇ ಚಲಿಸುವುದು, ಉಳಿದವರು ಬಂಡೆಯ ಮರೆಯಲ್ಲಿ ಕಾಯುವುದು ಮೂಲ ನಿಯಮ. ಇಕ್ಕಟ್ಟಿನಲ್ಲಿ ಬಾಗುತ್ತ ಸಾಗಲು ಜಾಗವಿಲ್ಲದ್ದರಿಂದ ಕೋಲನ್ನು ಕೆಳಬದಿಗೆ ಊರಿ, ಎರಡೂ ಸ್ಕೀಗಳನ್ನು ಹಿಮದಿಂದ ಮೇಲೆತ್ತಿ, ಗಾಳಿಯಲ್ಲೇ ತಿರುಗಿಸಿ, ಅಂಚಿನ ಮೇಲೆ ಇಳಿಸುವ ನೆಗೆತದ ತಿರುವನ್ನು ಬಳಸುತ್ತಾರೆ. ಪ್ರತಿ ತಿರುವೂ ಸಡಿಲ ಹಿಮವನ್ನು ಹರಿಯಬಿಡುತ್ತದೆ, ಆ ಹರಿವು ಸ್ಕೀಪಟುವಿಗಿಂತ ವೇಗವಾಗಿ ಸಾಗಿ ಕಾಲು ಕೀಳಬಲ್ಲದು. ಆದ್ದರಿಂದ ಕೆಲವು ತಿರುವುಗಳ ನಂತರ ಪಕ್ಕಕ್ಕೆ ಸರಿದು ಅದನ್ನು ಮುಂದೆ ಹೋಗಗೊಡುವ ತಾಳ್ಮೆಯೂ ಈ ಕೌಶಲದ ಭಾಗವೇ.

ಹಿಮದಡಿ ಸಿಲುಕಿದವರ ಬದುಕು ನಿಮಿಷಗಳ ಲೆಕ್ಕದ್ದು. ಮೊದಲ 10 ನಿಮಿಷಗಳಲ್ಲಿ ಹೊರತೆಗೆದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಉಳಿಯುತ್ತಾರೆ, ಅರ್ಧ ಗಂಟೆ ದಾಟಿದರೆ ಆ ಪ್ರಮಾಣ ಮೂರರಲ್ಲೊಂದಕ್ಕೆ ಕುಸಿಯುತ್ತದೆ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಆರು ದಿನ ಹಿಮದಡಿ ಜೀವ ಹಿಡಿದಿದ್ದು, ಹೊರತಂದ ಮೇಲೆ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ ಧಾರವಾಡ ಜಿಲ್ಲೆಯ ಯೋಧ ಹನುಮಂತಪ್ಪ ಕೊಪ್ಪದ ಅವರನ್ನು ಕನ್ನಡಿಗರು ಮರೆತಿಲ್ಲ. ಅದು ಅತ್ಯಂತ ಅಪರೂಪದ ಘಟನೆ. ಸ್ಕೀಪಟು ನೆಚ್ಚಬಹುದಾದದ್ದು ಜೊತೆಗಾರರನ್ನೇ. ಆದ್ದರಿಂದಲೇ ಪ್ರತಿಯೊಬ್ಬರ ಮೈಮೇಲೂ 457 ಕಿಲೋಹರ್ಟ್ಸ್ ಸಂಕೇತ ಹೊರಡಿಸುವ ಟ್ರಾನ್ಸ್‌ಸೀವರ್, ಚೀಲದಲ್ಲಿ ಹಿಮದೊಳಗೆ ಚುಚ್ಚಿ ಹುಡುಕುವ ಉದ್ದನೆಯ ಸರಳು ಮತ್ತು ಸಲಿಕೆ, ಅವನ್ನು ಬಳಸುವ ಅಭ್ಯಾಸ ಇರಲೇಬೇಕು.

ಈ ವಿದ್ಯೆ ಭಾರತಕ್ಕೆ ಹೊರಗಿನದಲ್ಲ. ಸೋದಾಂ 1977ರಲ್ಲಿ ಲಡಾಖ್‌ನ 7135 ಮೀಟರ್ ಎತ್ತರದ ನುನ್ ಶಿಖರದಿಂದ ಸ್ಕೀ ಮೇಲೆ ಇಳಿದರು, 1982ರಲ್ಲಿ ಕಾರಕೋರಮ್ ಶ್ರೇಣಿಯ ಗಶೆರ್‌ಬ್ರುಮ್ 1ರಿಂದಲೂ ಇಳಿದರು. ಇಂದು ಗುಲ್ಮಾರ್ಗ್‌ನ ಗೊಂಡೋಲಾ ಪ್ರವಾಸಿಗಳನ್ನು ಅಫರ್ವತ್ ಪರ್ವತದ ಹೆಗಲವರೆಗೆ, ಸುಮಾರು 4000 ಮೀಟರ್ ಎತ್ತರಕ್ಕೆ ಒಯ್ಯುತ್ತದೆ, ಅಲ್ಲಿಂದ ಗುರುತಿಲ್ಲದ ಕೊರಕಲುಗಳು ಎಲ್ಲ ದಿಕ್ಕಿಗೂ ತೆರೆದುಕೊಂಡಿವೆ. 2024ರ ಫೆಬ್ರುವರಿಯಲ್ಲಿ ಅಲ್ಲಿಯೇ ಹಿಮಕುಸಿತಕ್ಕೆ ವಿದೇಶಿ ಸ್ಕೀಯರ್ ಒಬ್ಬರು ಬಲಿಯಾದರು. ಯಂತ್ರ ಎತ್ತರವನ್ನು ಸುಲಭಗೊಳಿಸಿದಷ್ಟೂ ಹಿಮವನ್ನು ಓದುವ ಶಿಕ್ಷಣ ಅನಿವಾರ್ಯವಾಗುತ್ತದೆ. ತಿರುವು ಹಾಕುವುದನ್ನು ಕಲಿಸುವ ಪ್ರತಿ ಶಾಲೆಯೂ ಮೊದಲು ಕೋಲನ್ನು ಹಿಮದೊಳಗೆ ಇಳಿಸಿ ಪದರಗಳನ್ನು ಗುರುತಿಸುವುದನ್ನು ಕಲಿಸಬೇಕು. ಕೂಲ್ವಾರಿನ ಅರ್ಧದಾರಿಯಲ್ಲಿ ಹಿಂದಿರುಗುವ ನಿರ್ಧಾರವನ್ನು ಸೋಲೆಂದು ಎಣಿಸದೆ, ಆ ವಿದ್ಯೆಯ ಪ್ರೌಢಿಮೆಯೆಂದೇ ಮನ್ನಿಸುವ ಸಂಸ್ಕೃತಿ ಬೆಳೆದಾಗ ಮಾತ್ರ ನಮ್ಮ ಹಿಮಾಲಯದಲ್ಲಿ ಈ ಕ್ರೀಡೆ ಗೌರವದಿಂದ ಬಾಳೀತು.